ಪ್ಯಾಕೆಟ್ ರೇಡಿಯೋ: ಮೆಸೇಜ್ ಎಲ್ಲಿ ನಿಂತಿದೆ ಅಂತ ಹುಡುಕುವುದು ಹೇಗೆ?

ಕೇಳಿದವರು: ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನಲ್ಲಿದ್ದೇನೆ. ಹ್ಯಾಮ್ ರೇಡಿಯೋದಲ್ಲಿ ಕಂಪ್ಯೂಟರ್ ಮೆಸೇಜ್ ಕಳಿಸುವ ಪ್ಯಾಕೆಟ್ ರೇಡಿಯೋಗಾಗಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಲಿನ್‌ಬಿಪಿಕ್ಯೂ ಸಾಫ್ಟ್‌ವೇರ್ ಹಾಕಿಕೊಂಡು 2 ಮೀಟರ್ ಬ್ಯಾಂಡಿನಲ್ಲಿ, 1200 ಬಾಡ್ ವೇಗದಲ್ಲಿ ಒಂದು ಬಿಬಿಎಸ್ (ಮೆಸೇಜ್ ಇಟ್ಟುಕೊಂಡು ಮುಂದೆ ಕಳಿಸುವ ಕೇಂದ್ರ) ನಡೆಸುತ್ತಿದ್ದೇನೆ. ಪಕ್ಕದ ನೋಡ್ (ಜಾಲದ ಇನ್ನೊಂದು ಸ್ಟೇಷನ್) ಚೆನ್ನಾಗಿ ಕನೆಕ್ಟ್ ಆಗುತ್ತದೆ, ಎಲ್ಲರಿಗೂ ಹಂಚುವ ಬುಲೆಟಿನ್‌ಗಳೂ ಬರುತ್ತವೆ. ಆದರೆ ದೂರದ ಗೆಳೆಯನಿಗೆ ಕಳಿಸಿದ ಪರ್ಸನಲ್ ಮೆಸೇಜ್ ಮಾತ್ರ ಸೇರುತ್ತಿಲ್ಲ. ಅವನ ಬಿಬಿಎಸ್ ನನ್ನ ನೋಡ್ ಪಟ್ಟಿಯಲ್ಲಿ ಕಾಣುತ್ತಿದೆ. ಎಲ್ಲಿಂದ ಹುಡುಕಲಿ?

ಮೊದಲ ಉತ್ತರ: ಸರ್, ಈಗಲೇ ಯಾವ ಸೆಟ್ಟಿಂಗ್‌ಗೂ ಕೈ ಹಾಕಬೇಡಿ. ಮೆಸೇಜ್ ಎಲ್ಲಿ ನಿಂತಿದೆ ಅನ್ನೋದು ಮೊದಲು ಗೊತ್ತಾಗಲಿ. ಬಿಬಿಎಸ್‌ನ ಮೆಸೇಜ್ ಪಟ್ಟಿ ತೆಗೆದು ಅದರ ಸ್ಟೇಟಸ್ ಅಕ್ಷರ ನೋಡಿ. 'ಎಫ್' ಇದ್ದರೆ ನಿಮ್ಮಿಂದ ಹೊರಟಿದೆ, ಮುಂದಿನವರನ್ನು ಕೇಳಬೇಕು. 'ಎನ್' ಇದ್ದರೆ ಇನ್ನೂ ನಿಮ್ಮಲ್ಲೇ ಕೂತಿದೆ. 'ಎಚ್' ಇದ್ದರೆ ತಡೆಹಿಡಿದಿದೆ. ಸಿಸಾಪ್ (ಬಿಬಿಎಸ್ ನಡೆಸುವವರು) ಆಗಿ ನೀವೇ ಅದನ್ನು ಬಿಡುಗಡೆ ಮಾಡಬೇಕು.

'ಎನ್' ಅಂತಿದ್ದರೆ ನನಗೆ ಅನುಮಾನ ಒಂದೇ ಕಡೆ. ಬುಲೆಟಿನ್ ಬರುತ್ತಿದೆ ಅಂದರೆ ಪಕ್ಕದವರ ಫಾರ್ವರ್ಡಿಂಗ್ (ಮೆಸೇಜ್ ಮುಂದಕ್ಕೆ ಕಳಿಸುವುದು) ಸರಿಯಿದೆ ಅಂತ ಅಷ್ಟೇ ಅರ್ಥ. ನಿಮ್ಮ ಕಡೆಯಿಂದ ಏನು ಹೋಗಬೇಕು ಅಂತ ನೀವೇ ಬರೆಯಬೇಕು. ಬಿಪಿಕ್ಯೂನಲ್ಲಿ ಎಲ್ಲರಿಗೂ ಹಂಚುವ ಬುಲೆಟಿನ್‌ಗೆ ಒಂದು ಪಟ್ಟಿ, ಪರ್ಸನಲ್ ಮೆಸೇಜ್‌ಗೆ ಇನ್ನೊಂದು ಪಟ್ಟಿ. ಎರಡನೆಯದರಲ್ಲಿ ಗೆಳೆಯನ ಪ್ರದೇಶ, ದೇಶ ಇಲ್ಲದಿದ್ದರೆ ಮೆಸೇಜ್ ಅಲ್ಲಾಡುವುದಿಲ್ಲ. ವಿಳಾಸವೂ ಪೂರ್ತಿ ಇರಲಿ: ಬಿಬಿಎಸ್ ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು), ಆಮೇಲೆ ಪ್ರದೇಶ, ದೇಶ, ಖಂಡ. ನೋಡ್ ಪಟ್ಟಿಗೂ ಮೇಲ್ ಫಾರ್ವರ್ಡಿಂಗ್‌ಗೂ ನೇರ ಸಂಬಂಧ ಇಲ್ಲ. ಹೊಸಬರು ಜಾಸ್ತಿ ತಡವರಿಸುವುದು ಇಲ್ಲೇ.

ಎರಡನೆಯವರು: ವೈಟ್ ಪೇಜಸ್ ಕೂಡ ನೋಡಿ. ಯಾರ ಹೋಮ್ ಬಿಬಿಎಸ್ ಯಾವುದು ಅಂತ ಇಟ್ಟುಕೊಳ್ಳುವ ಪಟ್ಟಿ ಅದು. ಬರೀ ಕಾಲ್‌ಸೈನ್ ಬರೆದು ಕಳಿಸಿದರೆ ಉಳಿದ ವಿಳಾಸ ಅಲ್ಲಿಂದ ತುಂಬಿಕೊಳ್ಳುತ್ತದೆ. ಗೆಳೆಯ ಬಿಬಿಎಸ್ ಬದಲಿಸಿದ್ದರೆ ಮೆಸೇಜ್ ಹಳೆಯ ಮನೆಗೇ ಹೋಗುತ್ತದೆ.

ಫಾರ್ವರ್ಡಿಂಗ್ ಲಾಗ್‌ನಲ್ಲಿ 'ಎಫ್‌ಎಸ್' ಸಾಲು ಹುಡುಕಿ. ನೀವು ಕೊಡಲು ಹೋದ ಮೆಸೇಜ್‌ಗೆ ಆ ಕಡೆಯ ಉತ್ತರ ಅದು. ಪ್ಲಸ್ ಅಂದರೆ ಆ ಕಡೆಯವರು ಒಪ್ಪಿಕೊಂಡರು. ಮೈನಸ್ ಅಂದರೆ ಈಗಾಗಲೇ ಇದೆ, ಬೇಡ. ಸಮ ಚಿಹ್ನೆ ಇದ್ದರೆ ಆಮೇಲೆ ಕೊಡಿ ಅಂತ.

ಮೂರನೆಯವರು: ನೋಡ್ ಪಟ್ಟಿಯಲ್ಲಿ ಕಂಡದ್ದನ್ನೆಲ್ಲ ನಂಬಬೇಡಿ. ನೆಟ್‌ರಾಮ್ (ನೋಡ್‌ಗಳನ್ನು ಜೋಡಿಸುವ ಪದ್ಧತಿ) ಬಳಸುವ ನೋಡ್‌ಗಳು ಆಗಾಗ ತಮ್ಮ ರೂಟ್‌ಗಳನ್ನು, ಅಂದರೆ ದಾರಿಗಳನ್ನು, ಬ್ರಾಡ್‌ಕಾಸ್ಟ್ ಮಾಡುತ್ತವೆ. ಅದಕ್ಕೆ ಯಾರೂ ಅಕ್ನಾಲೆಜ್ ಮಾಡುವುದಿಲ್ಲ. ಬ್ಯಾಂಡ್ ತೆರೆದ ರಾತ್ರಿ ದೂರದ ನೋಡ್ ಒಂದು ಸಲ ಕೇಳಿಸಿದರೂ ಸಾಕು, ಒಳ್ಳೆಯ ಕ್ವಾಲಿಟಿಯೊಂದಿಗೆ (ದಾರಿ ಎಷ್ಟು ಚೆನ್ನಾಗಿದೆ ಅನ್ನುವ ಅಂಕ) ಪಟ್ಟಿಗೆ ಸೇರಿಬಿಡುತ್ತದೆ. ಬೆಳಿಗ್ಗೆ ಆ ಪ್ರಾಪಗೇಶನ್ (ಅಲೆಗಳು ಅಷ್ಟು ದೂರ ಹೋಗುವುದು) ಇರುವುದಿಲ್ಲ, ಹೆಸರು ಮಾತ್ರ ಉಳಿದಿರುತ್ತದೆ. ನಿಮ್ಮ ಸಿಗ್ನಲ್ ಅವರಿಗೆ ತಲುಪುತ್ತದೋ ಇಲ್ಲವೋ, ಅದು ಬೇರೆ ಮಾತು. ಹಾಗೆ ನೇರವಾಗಿ ಕೇಳಿಸಿದ ನೋಡ್‌ನ ರೂಟ್‌ಗೆ ಕ್ವಾಲಿಟಿ ಸೊನ್ನೆ ಕೊಟ್ಟು ಲಾಕ್ ಮಾಡುವುದೇ ಒಳ್ಳೆಯದು.

ಆಮೇಲೆ ಒಂದೊಂದೇ ಹಾಪ್ (ಒಂದು ನೋಡ್‌ನಿಂದ ಮುಂದಿನದಕ್ಕೆ) ಕೈಯಾರೆ ಕನೆಕ್ಟ್ ಮಾಡಿ, ಉದ್ದನೆಯ ಪಟ್ಟಿ ಏನಾದರೂ ತರಿಸಿ. ಕನೆಕ್ಟ್ ಆಗಿ, ಚಿಕ್ಕ ಸಾಲು ಬಂದು, ಉದ್ದದ್ದು ರಿಟ್ರೈ ಆಗುತ್ತಿದ್ದರೆ ತೊಂದರೆ ರೇಡಿಯೋ ಲಿಂಕಿನದು. ಒಂದು ಬಿಟ್ ಕೆಟ್ಟರೂ ಇಡೀ ಫ್ರೇಮ್ ಬಿದ್ದು ಹೋಗುತ್ತದೆ ಅಲ್ವಾ? ಪ್ಯಾಕ್‌ಲೆನ್ (ಒಂದು ಪ್ಯಾಕೆಟ್‌ನ ಗರಿಷ್ಠ ಉದ್ದ) 256 ಇದ್ದರೆ 128ಕ್ಕೆ ಇಳಿಸಿ ನೋಡಿ. ಸುಮ್ನೆ ಪವರ್ ಏರಿಸುವುದಕ್ಕಿಂತ ಆಡಿಯೋ ಲೆವೆಲ್ ಸರಿಮಾಡಿದರೆ ಜಾಸ್ತಿ ಉಪಯೋಗ.

ಕೇಳಿದವರು: ತುಂಬಾ ಥ್ಯಾಂಕ್ಸ್. ಸ್ಟೇಟಸ್ 'ಎನ್' ಅಂತಲೇ ಇತ್ತು. ಪರ್ಸನಲ್ ಪಟ್ಟಿಗೆ ದೇಶ, ಪ್ರದೇಶ ಸೇರಿಸಿದೆ. ಮುಂದಿನ ಸರದಿಯಲ್ಲೇ 'ಎಫ್' ಆಯಿತು. ಗೆಳೆಯನಿಂದ ಇನ್ನೂ ಉತ್ತರ ಇಲ್ಲ.

ಮೊದಲ ಉತ್ತರ ಕೊಟ್ಟವರು: ಖುಷಿಯಾಯಿತು. ಉತ್ತರ ಬಂದಾಗ ಮೇಲಿರುವ 'ಆರ್' ಸಾಲುಗಳನ್ನು ಅಳಿಸದೆ ಓದಿ. ದಾರಿಯ ಪ್ರತಿ ಬಿಬಿಎಸ್ ತನ್ನ ದಿನಾಂಕ, ಸಮಯ ಹಾಕಿ ಒಂದು ಸಾಲು ಸೇರಿಸುತ್ತದೆ. ಕೆಳಗಿನದು ಹೊರಟ ಜಾಗ, ಮೇಲಿನದು ಕೊನೆಯದು. ನಿಮ್ಮ ಮೆಸೇಜಿನ ಸಾಲುಗಳನ್ನೂ ಗೆಳೆಯನಿಂದ ತರಿಸಿಕೊಳ್ಳಿ. ಹೋದ ದಾರಿ, ಬಂದ ದಾರಿ ಒಂದೇ ಆಗಿರಬೇಕಿಲ್ಲ. ಎರಡು ಸಾಲುಗಳ ನಡುವೆ ಸಮಯದ ಅಂತರ ಎಲ್ಲಿ ಜಾಸ್ತಿ ಇದೆಯೋ, ಆ ಲಿಂಕಿನ ಸಿಸಾಪ್‌ಗೆ ಒಂದು ಮೆಸೇಜ್ ಹಾಕಿ. 73 (ಶುಭಾಶಯಗಳು).