ಮೊದಲ ಸಲ ಎನ್‌ಡಿಪಿಎಸ್ (ಮಾದಕ ವಸ್ತು ಕಾನೂನು) ಕೇಸು: ಫೈನ್ ಕಟ್ಟಿ ಮುಗಿಸಬಹುದಾ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಪೆರ್ಲದಿಂದ): ನಮಸ್ತೆ ವಕೀಲರೇ. ನನ್ನ ತಮ್ಮನಿಗೆ 22 ವರ್ಷ. ಬದಿಯಡ್ಕದ ಹತ್ತಿರ ಎಕ್ಸೈಸ್‌ನವರು ಹಿಡಿದರು. ಕಿಸೆಯಲ್ಲಿ ಎಂಡಿಎಂಎ ಅನ್ನುವ ಮಾದಕ ವಸ್ತು ಇತ್ತು. ಮಹಜರಿನಲ್ಲಿ ಪ್ಯಾಕೆಟ್ ಸೇರಿ 0.58 ಗ್ರಾಂ ಅಂತ ಇದೆಯಂತೆ. ಎಲ್ಲ ಮಲಯಾಳದಲ್ಲಿದೆ, ನಮಗೆ ಓದಲು ಬರುವುದಿಲ್ಲ. ಜಾಮೀನು ಸಿಕ್ಕಿ ಈಗ ಮನೆಯಲ್ಲಿದ್ದಾನೆ. ಮಾರುವವನಲ್ಲ. ಬಿಡಬೇಕು ಅಂತ ಆಸೆ ಇದೆ, ಬಿಡಲು ಆಗುತ್ತಿಲ್ಲ. "ತಪ್ಪು ಒಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿ" ಅಂತ ಮಾವ ಹೇಳುತ್ತಾರೆ. ಎಂತ ಮಾಡುವುದು?

ಉತ್ತರ: ಸದ್ಯಕ್ಕೆ ಏನನ್ನೂ ಒಪ್ಪಿಕೊಳ್ಳುವುದು ಬೇಡ. ಮೊದಲು ತೂಕ ನೋಡೋಣ. ಎಂಡಿಎಂಎಗೆ ಕಾನೂನಿನಲ್ಲಿ ಸಣ್ಣ ಪ್ರಮಾಣ ಅಂದರೆ 0.5 ಗ್ರಾಂಗಿಂತ ಕಡಿಮೆ. 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಗಾಂಜಾಕ್ಕೆ ಇದೇ ಲೆಕ್ಕ 1 ಕಿಲೋ ಮತ್ತು 20 ಕಿಲೋ. ಗಾಂಜಾ ಕೇಸಿನ ಅನುಭವ ಇರುವವರು ಕೊಡುವ ಸಲಹೆ ಎಂಡಿಎಂಎಗೆ ಹೊಂದುವುದಿಲ್ಲ, ಅದಕ್ಕೇ. 0.5 ದಾಟಿದರೆ ಕಲಂ 22(ಬಿ). ಅದರಲ್ಲಿ 10 ವರ್ಷದವರೆಗೆ ಕಠಿಣ ಸಜೆ, ಮೇಲೆ 1 ಲಕ್ಷದವರೆಗೆ ದಂಡ. ಸಣ್ಣ ಪ್ರಮಾಣವಾದರೆ 22(ಎ): 1 ವರ್ಷದವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬರೀ ಫೈನಿನಲ್ಲಿ ಮುಗಿಯುವ ಮಾತು ಬರುವುದು ಇಲ್ಲಿ ಮಾತ್ರ. 22(ಬಿ) ಹಾಕಿದ್ದರೆ ಮಾವ ಹೇಳಿದ ದಾರಿ ಇಲ್ಲವೇ ಇಲ್ಲ.

ಆದರೆ ಪ್ಲಾಸ್ಟಿಕ್ ಪ್ಯಾಕೆಟ್ ಮಾದಕ ವಸ್ತು ಅಲ್ವಲ್ಲ! ಒಳಗಿನ ಮಾಲಿನ ತೂಕವೇ ಲೆಕ್ಕಕ್ಕೆ. ಮಾಲಿಗೆ ಬೇರೆ ಪುಡಿ ಬೆರೆಸಿದ್ದರೆ ಅದನ್ನು ಕಳೆಯುವುದಿಲ್ಲ, ಒಟ್ಟು ಮಿಶ್ರಣವನ್ನೇ ತೂಗಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕವರಿನ ಕಥೆ ಬೇರೆ. ಕಲಂ 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಎದುರು ಪಟ್ಟಿ ಮಾಡಿ ಸ್ಯಾಂಪಲ್ ತೆಗೆಯುತ್ತಾರೆ. ಆ ದಾಖಲೆ ಮತ್ತು ಲ್ಯಾಬ್ ವರದಿಯಲ್ಲಿ ನಿವ್ವಳ ತೂಕ ಎಷ್ಟಿದೆ ಅಂತ ನಿಮ್ಮ ವಕೀಲರು ನೋಡಲೇಬೇಕು. 0.58 ಅನ್ನುವುದು 0.45 ಆದರೆ ಇಡೀ ಕೇಸೇ ಬದಲಾಗುತ್ತದೆ.

ಹಾಗೆ ಬದಲಾದರೆ ಎರಡು ಬಾಗಿಲು ತೆರೆಯುತ್ತವೆ. ಒಂದು, ಕಲಂ 64ಎ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಹೋಗಿ, ಸರಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಅದನ್ನು ಪೂರ್ತಿ ಮಾಡಿದರೆ, ಸಣ್ಣ ಪ್ರಮಾಣದ ಕೇಸಿನಲ್ಲಿ ವಿಚಾರಣೆಯಿಂದಲೇ ವಿನಾಯಿತಿ ಕೇಳಬಹುದು. ಅರ್ಧಕ್ಕೆ ಬಿಟ್ಟು ಬಂದರೆ ವಿನಾಯಿತಿ ಹೋಗಬಹುದು. ಎರಡನೆಯದು ಕಲಂ 39. ತಪ್ಪಿತಸ್ಥ ಅಂತ ತೀರ್ಪಾದ ಮೇಲೂ ಕೋರ್ಟು ಅವನ ವಯಸ್ಸು, ಹಿನ್ನೆಲೆ, ಆರೋಗ್ಯ ನೋಡಿ, ಅವನ ಒಪ್ಪಿಗೆ ಇದ್ದರೆ, ಜೈಲಿನ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. 1 ವರ್ಷದೊಳಗೆ ವೈದ್ಯರ ವರದಿ ಕೊಡಬೇಕು. ನನಗೆ ಕೇಳಿದರೆ 64ಎ ಮೇಲು. ಯಾಕೆಂದರೆ 39ರಲ್ಲಿ ಜೈಲು ತಪ್ಪುತ್ತದೆ, ತಪ್ಪಿತಸ್ಥ ಅನ್ನುವ ಮಾತು ಉಳಿಯುತ್ತದೆ.

ಒಂದು ತೊಡಕು ಇದೆ. 64ಎ ಕೇಳುವುದು ಅಂದರೆ "ನನಗೆ ಚಟ ಇದೆ" ಅಂತ ಹೇಳಿಕೊಂಡ ಹಾಗೆ. "ಆ ಪ್ಯಾಕೆಟ್ ನನ್ನದಲ್ಲ" ಅಂತ ವಾದಿಸುವ ಯೋಚನೆ ಇದ್ದರೆ ಎರಡನ್ನೂ ಒಟ್ಟಿಗೆ ಹಿಡಿಯಲು ಕಷ್ಟ. ಒಮ್ಮೆ ರುಚಿ ನೋಡಿದವರಿಗೂ ಈ ಕಲಂ ಅಲ್ಲ, ಅವಲಂಬನೆ ಇದೆ ಅಂತ ವೈದ್ಯರ ದಾಖಲೆ ಬೇಕು.

ಆದ್ದರಿಂದ ಚಾರ್ಜ್‌ಶೀಟಿಗೆ ಕಾಯಬೇಡಿ, ಚಿಕಿತ್ಸೆ ಈ ವಾರವೇ ಶುರುವಾಗಲಿ. ಕೋರ್ಟಿನ ಕರೆ ಬಂದ ಮೇಲೆ ಓಡಿದವನಿಗಿಂತ ಮೊದಲೇ ಹೋದವನ ಮಾತಿಗೆ ಬೆಲೆ ಜಾಸ್ತಿ. ತೂಕ 0.5 ದಾಟಿಯೇ ಇದೆ ಅಂತ ಬಂದರೆ 64ಎ ಸಿಗುವುದಿಲ್ಲ. ಆಗಲೂ ಶಿಕ್ಷೆಯ ಪ್ರಮಾಣದ ಮಾತು ಬಂದಾಗ ಆ ದಾಖಲೆಗಳನ್ನು ಕೋರ್ಟಿನ ಮುಂದೆ ಇಡಬಹುದು. ಓಪಿ ಚೀಟಿಯಿಂದ ಡಿಸ್ಚಾರ್ಜ್ ಪತ್ರದವರೆಗೆ ಎಲ್ಲ ಜೋಪಾನ ಮಾಡಿ.

ಮರುಪ್ರಶ್ನೆ: ಮಂಗಳೂರಿನಲ್ಲಿ ಒಂದು ಖಾಸಗಿ ಕೇಂದ್ರ ಇದೆ ಅಂತ ಗೊತ್ತಿದ್ದವರು ಹೇಳಿದರು. ಅಲ್ಲಿಗೆ ಹಾಕಿದರೆ ಆಗುತ್ತದಾ ಸರ್?

ಉತ್ತರ: ನಮ್ಮ ಕಡೆಯವರಿಗೆ ತಲೆನೋವು ಬಂದರೂ ಮಂಗಳೂರೇ! ಆದರೆ ಮೊದಲು ಜಾಮೀನಿನ ಆದೇಶ ಓದಿಸಿ. ಕೇರಳ ಬಿಟ್ಟು ಹೋಗಬಾರದು ಅಂತ ಷರತ್ತು ಇದ್ದರೆ ಗಡಿಯ ತಲಪಾಡಿ ದಾಟಿದ್ದೇ ಷರತ್ತು ಮುರಿದ ಹಾಗೆ. ಕೋರ್ಟಿನ ಅನುಮತಿ ತೆಗೆದುಕೊಂಡೇ ಹೋಗಬೇಕು. ಇನ್ನು, ಕೇಂದ್ರಕ್ಕೆ ಸರಕಾರದ ಮಾನ್ಯತೆ ಇದೆಯಾ ಅಂತ ಪತ್ರ ನೋಡಿಯೇ ದುಡ್ಡು ಕಟ್ಟಿ. ಮಾನ್ಯತೆ ಇಲ್ಲದ ಕಡೆ ಎಷ್ಟು ತಿಂಗಳು ಇದ್ದರೂ 64ಎಗೆ ಪ್ರಯೋಜನ ಇಲ್ಲ. ನಮ್ಮ ಜಿಲ್ಲೆಗೆ ಎಕ್ಸೈಸ್ ಇಲಾಖೆಯ ವಿಮುಕ್ತಿ ಅನ್ನುವ ಚಟ ಬಿಡಿಸುವ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಪೆರ್ಲದಿಂದ ದೂರವೇ, ಆದರೆ ಮಾನ್ಯತೆಯ ಚರ್ಚೆ ಬರುವುದಿಲ್ಲ. ಹೊರಡುವ ಮೊದಲು ವಿಮುಕ್ತಿಯ 14405ಕ್ಕೆ ಫೋನ್ ಮಾಡಿ. ಹಿಡಿದವರದ್ದೇ ಇಲಾಖೆ ಅಂತ ಹೆದರಬೇಡಿ. ಚಿಕಿತ್ಸೆ ಕೊಡುವವರು ವೈದ್ಯರು.

ಕಾಗದಗಳ ವಿಷಯ: ಓದಲು ಬಾರದ ಕಾಗದಕ್ಕೆ ಇನ್ನು ಮೇಲೆ ಸಹಿ ಬೇಡ. ಬಂಧನದ ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಮ್ಮನಿಗೆ ಅದು ಹೇಗೆ ತಿಳಿಸಿದರು ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಉಪ್ಪಳದಿಂದ): ಸರ್, ನನ್ನದು ಗಾಂಜಾ ಬೀಡಿ ಸೇದಿದ ಕೇಸು. ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲ. ದುಬೈಗೆ ಹೋಗಬೇಕು, ಪಾಸ್‌ಪೋರ್ಟ್ ಆಗುತ್ತದಾ?

ಉತ್ತರ: ಕೋರ್ಟಿನಲ್ಲಿ ಕೇಸು ಇರುವಾಗ ಪಾಸ್‌ಪೋರ್ಟ್ ಬೇಕಾದರೆ ಆ ಕೋರ್ಟಿನಿಂದಲೇ ಅನುಮತಿ ಪಡೆಯಬೇಕು. ಮುಚ್ಚಿಟ್ಟು ಅರ್ಜಿ ಹಾಕಿದರೆ ಅದೇ ಇನ್ನೊಂದು ಕೇಸು. ಸೇವನೆಯ ಕಲಂ 27ರಲ್ಲಿ ಗಾಂಜಾಕ್ಕೆ 6 ತಿಂಗಳವರೆಗೆ ಸಜೆ, ಅಥವಾ 10,000ವರೆಗೆ ದಂಡ, ಅಥವಾ ಎರಡೂ. ಬೇಗ ವಿಮಾನ ಹತ್ತಬೇಕು ಅಂತ ದಂಡ ಕಟ್ಟಿ ಬರುವ ಹುಡುಗರು ತುಂಬಾ. ದಂಡ ಕಟ್ಟುವುದೂ ಶಿಕ್ಷೆಯೇ, ದಾಖಲೆಯಲ್ಲಿ ಉಳಿಯುತ್ತದೆ. ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗ ಗೊತ್ತಾಗುತ್ತದೆ. ನಿಮಗೂ ಚಟ ಇದ್ದರೆ ಮೇಲೆ ಹೇಳಿದ 64ಎ ನೋಡಿ.

ಪ್ರಶ್ನೆ (ಕುಂಬಳೆಯಿಂದ): ನನ್ನ ಮಗನಿಗೆ 16 ವರ್ಷ. ಇದೇ ರೀತಿ ಸಿಕ್ಕಿಬಿದ್ದಿದ್ದಾನೆ.

ಉತ್ತರ: 18 ಆಗಿಲ್ಲ ಅಂದರೆ ಬಾಲ ನ್ಯಾಯ ಮಂಡಳಿ, ದೊಡ್ಡವರ ಕೋರ್ಟಲ್ಲ. ವಯಸ್ಸಿನ ದಾಖಲೆ ಕೂಡಲೇ ಕೊಡಿ. ಸಾಮಾನ್ಯವಾಗಿ ಮುಂದೆ ಕೆಲಸಕ್ಕೆ ಇದು ಅಡ್ಡ ಬರಬಾರದು ಅಂತಲೇ ಆ ಕಾನೂನು ಇದೆ.

ಮರುಪ್ರಶ್ನೆ (ಪೆರ್ಲದಿಂದ): ವಕೀಲರ ಫೀಸಿಗೆ ನಮ್ಮಲ್ಲಿ ಅಷ್ಟು ಅನುಕೂಲ ಇಲ್ಲ.

ಉತ್ತರ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಆದಾಯ ಕಡಿಮೆ ಇದ್ದರೆ ಉಚಿತ ವಕೀಲರು ಸಿಗುತ್ತಾರೆ. ಕಸ್ಟಡಿಯಲ್ಲಿ ಇರುವವರಿಗೆ ಆದಾಯವನ್ನೂ ನೋಡುವುದಿಲ್ಲ. ಫೋನ್ ಮಾಡುವುದಾದರೆ 15100. ಅರ್ಜಿಯಲ್ಲಿ ಕನ್ನಡ ಬಲ್ಲ ವಕೀಲರೇ ಬೇಕು ಅಂತ ಬರೆಯಿರಿ. ಹೋಗುವಾಗ ಮಹಜರಿನ ಪ್ರತಿ, ಜಾಮೀನಿನ ಆದೇಶ, ತಮ್ಮನ ಆಧಾರ್, ರೇಷನ್ ಕಾರ್ಡ್ ಕೈಯಲ್ಲಿರಲಿ.