ಅಮೃತ್ ವಿಸ್ಕಿಗೆ ಬೆಲ್ಲದ ಪಾಕ: ಮನೇಲಿ ಓಲ್ಡ್ ಫ್ಯಾಶನ್ಡ್ ಮಾಡೋರು ಏನಂತೀರಿ?

ಪೀಪಾಯಿ_ಪ್ರಿಯ: ಎರಡು ವರ್ಷದಿಂದ ಮನೇಲೇ ಓಲ್ಡ್ ಫ್ಯಾಶನ್ಡ್ (ವಿಸ್ಕಿಗೆ ಸಿಹಿ, ಬಿಟರ್ಸ್ ಹಾಕೋ ಕಾಕ್‌ಟೇಲ್) ಮಾಡ್ಕೊಳ್ತಿದ್ದೀನಿ. ಈಗೊಂದು ಅಳತೆ ಸಿಕ್ಕಿದೆ. ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಬರೀ ಬಾರ್ಲಿ ಮಾಲ್ಟಿಂದ ತೆಗೆದ ವಿಸ್ಕಿ) 60 ಎಂ.ಎಲ್., ಬೆಲ್ಲದ ಪಾಕ ಒಂದು ಟೀ ಚಮಚ, ಅಂಗೊಸ್ಟುರಾ ಬಿಟರ್ಸ್ (ಗಿಡಮೂಲಿಕೆಯ ಕಹಿ ಸಾರ) ಎರಡು ಸಲ ಕೊಡವೋದು. ದೊಡ್ಡ ಐಸ್ ಗಡ್ಡೆ ಹಾಕಿ ಅರ್ಧ ನಿಮಿಷ ಕಲಕಿ, ಕೊಡಗಿನ ಕಿತ್ತಳೆ ಸಿಪ್ಪೆ ಹಿಂಡಿ ಗ್ಲಾಸಿನ ಅಂಚಿಗೆ ಸವರಿದರೆ ಮುಗೀತು. ಮೈಸೂರು ರಸ್ತೆಯ ಕಂಬೀಪುರದಲ್ಲಿ ಹುಟ್ಟಿದ ವಿಸ್ಕಿಗೆ ಸಕ್ಕರೆ ಸಿರಪ್ ಯಾಕೆ? ನಮ್ಮೂರ ಕ್ರಾಫ್ಟ್, ಅಂದ್ರೆ ಸಣ್ಣ ಪ್ರಮಾಣದಲ್ಲಿ ಕಸುಬಿನಿಂದ ಮಾಡಿದ ವಿಸ್ಕಿಗೆ ನಮ್ಮ ಬೆಲ್ಲವೇ ಸರಿಯಾದ ಜೋಡಿ ಅನ್ನೋದು ನನ್ನ ವಾದ.

ನೀಟ್_ಮಾತ್ರ: ಓದಿ ಸಂಕಟ ಆಯ್ತು. ಬೆಂಗಳೂರಿನ ಹವೆಗೆ ಪೀಪಾಯಿಯಿಂದ ವರ್ಷಕ್ಕೆ 10-12 ಪರ್ಸೆಂಟ್ ಆವಿಯಾಗಿ ಹೋಗುತ್ತೆ. ಸ್ಕಾಟ್ಲೆಂಡಲ್ಲಿ ಇದು ಸುಮಾರು 2 ಪರ್ಸೆಂಟ್. ಅಷ್ಟು ಕಳಕೊಂಡು ಉಳಿದದ್ದನ್ನ ತಂದು ಬೆಲ್ಲದಲ್ಲಿ ಮುಳುಗಿಸ್ತೀರಾ? ವಿಸ್ಕಿ ವಿಮರ್ಶಕ ಜಿಮ್ ಮರ್ರೆ 2010ರಲ್ಲಿ ಅಮೃತ್ ಫ್ಯೂಷನ್ನಿಗೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ವಿಸ್ಕಿ ಅಂದಿದ್ದು ಅದನ್ನ ಹಾಗೇ ಕುಡಿದು.

ಪೀಪಾಯಿ_ಪ್ರಿಯ: "ಮುಳುಗಿಸ್ತೀರಾ" ಅಂದ್ರಲ್ಲ, ಒಂದು ಟೀ ಚಮಚ ಅಂದ್ರೆ 5 ಎಂ.ಎಲ್. 60ಕ್ಕೆ 5. ನೀವು ಫ್ಯೂಷನ್ ಕುಡಿಯೋವಾಗ ನೀರು ಹಾಕ್ತೀರೋ ಇಲ್ವೋ? ಅದು 50 ಪರ್ಸೆಂಟ್ ಆಲ್ಕೋಹಾಲ್, ಹಾಕೇ ಹಾಕ್ತೀರಿ. ಐಸಲ್ಲಿ ಕಲಕಿದಾಗ ಬರೋದೂ ಆ ನೀರೇ.

ನೀಟ್_ಮಾತ್ರ: ನೀರು ಬೇರೆ, ಬೆಲ್ಲ ಬೇರೆ. ನೀರು ವಿಸ್ಕಿಯ ಪರಿಮಳ ಬಿಡಿಸುತ್ತೆ, ಬೆಲ್ಲ ಅದರ ಮೇಲೆ ಹೊದಿಕೆ ಹಾಕುತ್ತೆ. ಕಾಕ್‌ಟೇಲ್ ಮಾಡಬೇಕಂದ್ರೆ 800 ರೂಪಾಯಿ ಒಳಗಿನ ಬಾಟಲಿ ಸಾಕು.

ಕ್ಲೈಡ್_ದಂಡೆ: ಗ್ಲಾಸ್ಗೋದಿಂದ ಬರೀತಿದ್ದೀನಿ. 2004ರ ಆಗಸ್ಟಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆ ಆಗಿದ್ದು ಇದೇ ಊರಲ್ಲಿ. ವಿಸ್ಕಿ ತವರಿನ ಜನಾನೇ ಸ್ಕಾಚ್ ಹಾಕಿದ ರಾಬ್ ರಾಯ್ ಕಾಕ್‌ಟೇಲ್ ಕುಡೀತಾರೆ, ಪಾಪ ಅಂತ ಯಾರೂ ಅನ್ನಲ್ಲ. ನನ್ನ ತಕರಾರು "ಕ್ರಾಫ್ಟ್" ಅನ್ನೋ ಪದಕ್ಕೆ ಮಾತ್ರ. 1948ರಲ್ಲಿ ಶುರುವಾಗಿ ಓಲ್ಡ್ ಪೋರ್ಟ್ ರಮ್, ಮ್ಯಾಕಿಂತಾಶ್ ವಿಸ್ಕಿ ಎಲ್ಲ ಮಾಡೋ ಕಂಪನಿ ಕ್ರಾಫ್ಟ್ ಹೇಗಾಗುತ್ತೆ?

ಪೀಪಾಯಿ_ಪ್ರಿಯ: ಒಂದೇ ಕಂಪನಿ ಎರಡು ಥರದ ಕೆಲಸ ಮಾಡಬಾರದಾ? ಬಾರ್ಲಿ ಮಾಲ್ಟು, ಬಟ್ಟಿ ಇಳಿಸೋ ತಾಮ್ರದ ಪಾಟ್ ಸ್ಟಿಲ್ಲು, ಓಕ್ ಪೀಪಾಯಿ. ನನಗೆ ಅಷ್ಟು ಸಾಕು.

ಹೆಬ್ಬಕವಾಡಿ_ಹೈದ: "ಬೆಲ್ಲದ ಪಾಕ" ಅಂತ ಬರೆದವ್ರೆ ಸ್ವಾಮಿ, ಯಾವ ಪಾಕ? ನೀರು ಪಾಕವೋ, ಎಳೆ ಪಾಕವೋ? ಎಳೆ ಪಾಕ ಐಸ್ ಮೇಲೆ ಬಿದ್ರೆ ಅಲ್ಲೇ ಬಿಗಿದು ಗ್ಲಾಸಿನ ತಳದಲ್ಲಿ ನಾರಿನಂಗೆ ಕೂರುತ್ತೆ. ಮೊದಲ ಗುಟುಕು ಕಹಿ, ಕಡೇ ಗುಟುಕು ಮಿಠಾಯಿ. 100 ಗ್ರಾಂ ಬೆಲ್ಲಕ್ಕೆ 100 ಎಂ.ಎಲ್. ನೀರು, ಕರಗಿದ ತಕ್ಷಣ ಒಲೆ ಆರಿಸಬೇಕು. ಬೆಲ್ಲ ಮಂಡ್ಯದ್ದೇ ಆಗಬೇಕು, ಬೇರೆದರಲ್ಲಿ ಆ ಘಮ ಇಲ್ಲ.

ಕಾನಸೂರು_ಕಬ್ಬು: ಪಾಕ ಕಾಯಿಸೋದೇ ಬೇಡ. ಶಿರಸಿ, ಸಿದ್ದಾಪುರದ ಕಡೆ ಜೋನಿ ಬೆಲ್ಲ ಸಿಗುತ್ತೆ. ಹುಟ್ಟುತ್ತಲೇ ದ್ರವ. ಗಟ್ಟಿ ಬೆಲ್ಲಕ್ಕೆ ಕಬ್ಬಿನ ಹಾಲನ್ನ 118 ಡಿಗ್ರಿವರೆಗೆ ಕಾಯಿಸ್ತಾರೆ, ಜೋನಿಯನ್ನ 105ರ ಸುಮಾರಿಗೇ ಇಳಿಸ್ತಾರೆ. ಹಾಗಾಗಿ ಸುಟ್ಟ ವಾಸನೆ ಕಡಿಮೆ. ಮಂಡ್ಯದ ಅಚ್ಚು ಬೆಲ್ಲಕ್ಕೆ ಹಳದಿ ಬಣ್ಣ ಬರೋದು ಹೈಡ್ರೋಸ್‌ನಿಂದ, ಅಂದ್ರೆ ಬಣ್ಣ ತಿಳಿ ಮಾಡೋ ಗಂಧಕದ ರಾಸಾಯನಿಕದಿಂದ. ಆ ಗಂಧಕದ ಘಾಟು ವಿಸ್ಕಿಯಲ್ಲಿ ಎದ್ದು ಕಾಣುತ್ತೆ.

ಹೆಬ್ಬಕವಾಡಿ_ಹೈದ: ಹೈಡ್ರೋಸ್ ಅಂದ್ರಾ? ನಮ್ಮಪ್ಪ ಮೂವತ್ತು ವರ್ಷ ಆಲೆಮನೆ ನಡೆಸಿದ್ರು. ಕೊಪ್ಪರಿಗೆ ಕುದಿಯೋವಾಗ ಬೆಂಡೆಗಿಡ ಜಜ್ಜಿದ ಲೋಳೆ ಹಾಕಿ ಮಡ್ಡಿ ತೆಗೀತಿದ್ರು, ಒಂದಿಷ್ಟು ಸುಣ್ಣ ಬಿಡ್ತಿದ್ರು, ಅಷ್ಟೇ. ಕಂದು ಬೆಲ್ಲ ತಗೊಳ್ರಿ ಅಂತ ನಾವು ಬಾಯಿ ಬಡ್ಕೊಂಡ್ರೂ ಪೇಟೆಯವರು ಹಳದೀನೇ ಕೇಳ್ತಾರೆ. ಕೇಳಿ ತರಿಸ್ಕೊಂಡು ಆಮೇಲೆ ಮಂಡ್ಯನ ಬೈತೀರಾ?

ಕಾನಸೂರು_ಕಬ್ಬು: "ಪೇಟೆಯವರು ಹಳದೀನೇ ಕೇಳ್ತಾರೆ" ಅಂತ ನೀವೇ ಬರೆದ್ರಿ. ಅಂದ್ರೆ ಅಂಗಡಿಗೆ ಬರೋದು ಅದೇ. ನಾನು ಹೇಳಿದ್ದೂ ಅಷ್ಟೇ.

ಹೆಬ್ಬಕವಾಡಿ_ಹೈದ: ಜೋನಿ ಬೆಲ್ಲ ದೋಸೆಗೆ ಹಾಕ್ಕೊಳ್ಳಿ, ತೊಡದೇವಿಗೆ ಹಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ. ಮಳೆಗಾಲದಲ್ಲಿ ಡಬ್ಬದೊಳಗೆ ನೊರೆ ಬಂದು ಹುಳಿಯಾಗುತ್ತಲ್ಲ, ಅದನ್ನ ಸಿಂಗಲ್ ಮಾಲ್ಟಿಗೆ ಸುರೀತೀರಾ?

ಧಾರವಾಡ_ಮಂದಿ: ವಿಸ್ಕಿ ಬಿಟ್ಟು ಬೆಲ್ಲದ ಸಂತಿ ಹಚ್ಚೀರಲ್ರೀ. ಹಚ್ಚೂದಾದ್ರ ಮಹಾಲಿಂಗಪುರದ ಬೆಲ್ಲದ ಹೆಸರೂ ತಗೀರಿ. ಗಟ್ಟಿ, ಕಂದು, ಬಾಯಾಗ ಸ್ವಲ್ಪ ಉಪ್ಪುಪ್ಪು. ಆ ಉಪ್ಪಿನ ರುಚಿ ಹೊಗಿ ವಾಸನಿ ಇರೂ ಪೀಟೆಡ್ ವಿಸ್ಕಿಗಿ ಭಾಳ ಚೊಲೋ ಕೂಡತೈತಿ. ನಾ ಮಾಡಿ ಕುಡದೀನಿ.

ಕಾನಸೂರು_ಕಬ್ಬು: ನೊರೆ ಬರೋದು ಹದ ತಪ್ಪಿದ ಜೋನಿಗೆ. ಸರಿಯಾಗಿ ಇಳಿಸಿದ್ದು ವರ್ಷ ಇಡೀ ಇರುತ್ತೆ. ನಮ್ಮ ಅಟ್ಟದಲ್ಲಿ ಈಗಲೂ ಒಂದು ಡಬ್ಬ ಇದೆ.

ನೀಟ್_ಮಾತ್ರ: 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯಲ್ಲಿ ಕಾಕ್‌ಟೇಲ್ ಅಂದ್ರೇನು ಅಂತ ಅಚ್ಚಾಗಿದೆ: ಮದ್ಯ, ಸಕ್ಕರೆ, ನೀರು, ಬಿಟರ್ಸ್. ಸಕ್ಕರೆ ಅಂತಿದೆ. ಬೆಲ್ಲ ಹಾಕಿದ ಮೇಲೆ ಅದನ್ನ ಓಲ್ಡ್ ಫ್ಯಾಶನ್ಡ್ ಅನ್ನಬೇಡಿ.

ಕ್ಲೈಡ್_ದಂಡೆ: ಅದೇ ಸಾಲಲ್ಲಿ "ಯಾವುದೇ ಬಗೆಯ ಮದ್ಯ" ಅಂತಲೂ ಇದೆ, ಅದನ್ನ ಬಿಟ್ಟು ಬರೆದಿದ್ದೀರಿ. ಮದ್ಯ ಯಾವುದಾದರೂ ಆಗಬಹುದಾದರೆ ಸಿಂಗಲ್ ಮಾಲ್ಟೂ ಆಗಬಹುದು.

ನೀಟ್_ಮಾತ್ರ: ಯಾವುದೇ ಮದ್ಯ ಆಗುತ್ತೆ ಅಂದ್ಮೇಲೆ ಅಗ್ಗದ್ದೂ ಆಗುತ್ತೆ. ನಾನು ಮೊದಲೇ ಹೇಳಿದ್ದೆ.

ಪೀಪಾಯಿ_ಪ್ರಿಯ: ಅಗ್ಗದ್ದು ಅಂದ್ರೆ ಏನು ಗೊತ್ತಲ್ಲ? ನಮ್ಮಲ್ಲಿ ಅಗ್ಗದ ವಿಸ್ಕಿ ಬಹುತೇಕ ಕಾಕಂಬಿಯಿಂದ ತೆಗೆದ ಸ್ಪಿರಿಟ್. ಯುರೋಪಲ್ಲಿ ಅದನ್ನ ವಿಸ್ಕಿ ಅಂತ ಮಾರೋ ಹಾಗೇ ಇಲ್ಲ, ಧಾನ್ಯದ್ದೇ ಆಗಬೇಕು, ಮೂರು ವರ್ಷ ಪೀಪಾಯಲ್ಲಿ ಇರಬೇಕು. ಅದಕ್ಕೆ ಬೆಲ್ಲ ಹಾಕಿದರೆ ಕಬ್ಬಿನ ಮೇಲೆ ಕಬ್ಬು. ಬಾರ್ಲಿಯ ಬೇಸ್ ಇದ್ದಾಗಲೇ ಬೆಲ್ಲದ ರುಚಿ ಬೇರೆಯಾಗಿ ನಿಲ್ಲೋದು. ಇಂದಿರಾನಗರದ ಒಂದು ಬಾರಲ್ಲಿ ಅಂಥದ್ದೇ ವಿಸ್ಕಿ ಹಾಕಿದ ಓಲ್ಡ್ ಫ್ಯಾಶನ್ಡಿಗೆ 900 ರೂಪಾಯಿ ಕೊಟ್ಟು ಅರ್ಧ ಬಿಟ್ಟು ಎದ್ದು ಬಂದಿದ್ದೆ. ಮನೇಲಿ ಮಾಡೋಕೆ ಶುರು ಮಾಡಿದ್ದೇ ಆ ರಾತ್ರಿಯಿಂದ.

ಹೆಬ್ಬಕವಾಡಿ_ಹೈದ: "ಕಬ್ಬಿನ ಮೇಲೆ ಕಬ್ಬು" ಅಂತ ಹಗುರವಾಗಿ ಬರೀಬೇಡಿ. ಕಾಕಂಬಿ ಸಕ್ಕರೆ ಕಾರ್ಖಾನೆಯ ಉಳಿಕೆ, ಬೆಲ್ಲ ಕಬ್ಬಿನ ಪೂರ್ತಿ ಸಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ರೆ ಬೆಳೆದೋರಿಗೆ ನೋವಾಗುತ್ತೆ.

ವಿರಾಜಪೇಟೆ_ವಾಣಿ: ಬೆಲ್ಲದ ಜಗಳದಲ್ಲಿ ಕಿತ್ತಳೆಯನ್ನ ಎಲ್ಲರೂ ಮರೆತಿದ್ದೀರಿ. ಕೊಡಗಿನ ಕಿತ್ತಳೆ ಸಿಪ್ಪೆ ಸಡಿಲ, ತೆಳು. ಹಿಂಡಿದರೆ ಮಡಚಿಕೊಳ್ಳುತ್ತೆ, ಎಣ್ಣೆ ಗ್ಲಾಸಿಗಿಂತ ಬೆರಳಿಗೇ ಹೆಚ್ಚು ಅಂಟುತ್ತೆ. ಹೇರಳೆಕಾಯಿ ಸಿಪ್ಪೆ ತಗೊಳ್ಳಿ, ದಪ್ಪಗಿರುತ್ತೆ. ಚಾಕುವಿನಲ್ಲಿ ಬೆರಳಗಲ ಕೊಯ್ದು, ಬಿಳಿ ಭಾಗ ಕೆರೆದು, ಗ್ಲಾಸಿನ ಮೇಲೆ ಹಿಡಿದು ತಿರುಚಿದರೆ ವಿಸ್ಕಿ ಮೇಲೆ ಎಣ್ಣೆಯ ಚುಕ್ಕಿ ತೇಲೋದು ಕಣ್ಣಿಗೇ ಕಾಣುತ್ತೆ. ನಾನು ವಿಸ್ಕಿ ಸೋರ್ ಮಾಡೋವಾಗ ನಿಂಬೆರಸದ ಜೊತೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ ಸಾರ) ಎರಡೇ ಹನಿ ಬಿಡ್ತೀನಿ. ಮೂರನೇ ಹನಿ ಬಿದ್ದರೆ ಹಂದಿ ಮಾಂಸದ ಸಾರು ನೆನಪಾಗುತ್ತೆ, ಹುಷಾರು. ಬೆಲ್ಲದ ಪಾಕವನ್ನ ಬಟ್ಟೆಯಲ್ಲಿ ಸೋಸೋದನ್ನೂ ಯಾರೂ ಬರೆದಿಲ್ಲ. ಸೋಸದಿದ್ದರೆ ಯಾವ ಊರಿನ ಬೆಲ್ಲವಾದರೂ ಗ್ಲಾಸು ಕದಡುತ್ತೆ.

ಹೆಬ್ಬಕವಾಡಿ_ಹೈದ: "ಯಾವ ಊರಿನ ಬೆಲ್ಲವಾದರೂ" ಅನ್ನೋದನ್ನ ಒಪ್ಪಲ್ಲ ಅಕ್ಕ.

ಕಾನಸೂರು_ಕಬ್ಬು: ನಾನೂ ಒಪ್ಪಲ್ಲ. ಜೋನಿ ಕದಡಲ್ಲ.

ನೀಟ್_ಮಾತ್ರ: ಸೋಸಿ, ಕೆರೆದು, ಹಿಂಡಿ, ಹನಿ ಎಣಿಸಿ. ಇಷ್ಟೆಲ್ಲ ಆದ್ಮೇಲೆ ವಿಸ್ಕಿ ಎಲ್ಲಿ ಉಳೀತು?

ಪೀಪಾಯಿ_ಪ್ರಿಯ: ನಿನ್ನೆ ರಾತ್ರಿ ಎರಡು ಗ್ಲಾಸ್ ಪಕ್ಕಪಕ್ಕ ಮಾಡಿದೆ. ಎರಡಕ್ಕೂ ಅಮೃತ್ 60 ಎಂ.ಎಲ್., ಬಿಟರ್ಸ್ ಅಷ್ಟೇ. ಒಂದಕ್ಕೆ ಮಂಡ್ಯದ ಕಂದು ಬೆಲ್ಲದ ಪಾಕ, ಬಟ್ಟೆಯಲ್ಲಿ ಸೋಸಿದ್ದು. ಇನ್ನೊಂದಕ್ಕೆ ಗಾಂಧಿಬಜಾರಲ್ಲಿ ಸಿಕ್ಕ ಜೋನಿ. ಜೋನಿ ಹತ್ತು ಸಲ ತಿರುಗಿಸೋದರೊಳಗೆ ಕರಗಿತು, ಗ್ಲಾಸು ತಿಳಿಯಾಗೇ ಇತ್ತು. ಮಂಡ್ಯದ್ದಕ್ಕೆ ಇಪ್ಪತ್ತೈದು ಸಲ ಬೇಕಾಯ್ತು, ಆದರೆ ಗುಟುಕು ಇಳಿದ ಮೇಲೂ ಗಂಟಲಲ್ಲಿ ಘಮ ಉಳೀತು. ಹೇರಳೆಕಾಯಿ ಸಿಗಲಿಲ್ಲ, ಕಿತ್ತಳೇನೇ ಹಾಕಿದೆ.

ಹೆಬ್ಬಕವಾಡಿ_ಹೈದ: "ಘಮ ಉಳೀತು" ಅಂತ ಬರೆದವ್ರೆ. ಎಲ್ರೂ ಓದ್ಕೊಳ್ಳಿ.

ಕಾನಸೂರು_ಕಬ್ಬು: "ತಿಳಿಯಾಗೇ ಇತ್ತು" ಅಂತಲೂ ಬರೆದಿದ್ದಾರೆ. ಅದೂ ಗಾಂಧಿಬಜಾರಿನ ಜೋನಿಗೆ. ವಿಳಾಸ ಖಾಸಗಿಯಾಗಿ ಕಳಿಸಿ, ನಮ್ಮನೆಯದು ಒಂದು ಬಾಟಲಿ ಕಳಿಸ್ತೀನಿ.

ವಿರಾಜಪೇಟೆ_ವಾಣಿ: ಅದರ ಜೊತೆ ಎರಡು ಹೇರಳೆಕಾಯಿ ನನ್ನ ಕಡೆಯಿಂದ. ಸಿಪ್ಪೆ ಬದಲಾಯಿಸದೆ ತೀರ್ಪು ಬರೀಬೇಡಿ.