ತಂಗಿಯ ಬೋಚಿಯಾ ಪಂದ್ಯಾವಳಿಗೆ ಹಣ ಕೂಡಿಸುವ ಸರಿಯಾದ ದಾರಿ ಯಾವುದು?

ಡೊಂಬಿವಲಿಯ ಅಣ್ಣ:

ಸ್ನಾಯುಗಳು ಕ್ರಮೇಣ ಬಲಗುಂದುವ ಮಸ್ಕ್ಯುಲರ್ ಡಿಸ್ಟ್ರೋಫಿಯಿಂದಾಗಿ ಪವರ್ ವೀಲ್‌ಚೇರ್ ಬಳಸುವ ನನ್ನ ತಂಗಿ, ಬಿಳಿಯ ಗುರಿ ಚೆಂಡಿನ ಹತ್ತಿರಕ್ಕೆ ತನ್ನ ಚೆಂಡುಗಳನ್ನು ತಲುಪಿಸಬೇಕಾದ ಬೋಚಿಯಾ ಆಟದ ಬಿಸಿ3 ವರ್ಗದಲ್ಲಿ ಆಡುತ್ತಾಳೆ. ಕೈಯಿಂದ ಚೆಂಡನ್ನು ಎಸೆಯಲಾಗದವರು ಈ ವರ್ಗದಲ್ಲಿ ಅದನ್ನು ರ‍್ಯಾಂಪ್‌ನ ಮೇಲಿಂದ ಉರುಳಿಸುತ್ತಾರೆ. ಅವಳು ಹೇಳಿದಂತೆ ರ‍್ಯಾಂಪನ್ನು ಸರಿಸಿ ತಿರುಗಿಸುವ ಕೆಲಸ ನನ್ನದು. ನಿಯಮದ ಪ್ರಕಾರ ನಾನು ಅಂಕಣಕ್ಕೆ ಬೆನ್ನು ಮಾಡಿಯೇ ಕುಳಿತಿರಬೇಕು. ಮುಂದಿನ ವರ್ಷ ಯುರೋಪಿನ ಒಂದು ಪಂದ್ಯಾವಳಿಗೆ ಹೋಗಲು ಅವಳಿಗೆ ಒಪ್ಪಿಗೆ ಸಿಕ್ಕಿದೆ, ಆದರೆ ಖರ್ಚನ್ನು ನಾವೇ ಭರಿಸಬೇಕಾಗಿದೆ. ರಾತ್ರಿ ಅವಳನ್ನು ಮಗ್ಗುಲು ಬದಲಾಯಿಸಿ ಮಲಗಿಸಲು ಅಮ್ಮನೂ ಬರಬೇಕಾದ್ದರಿಂದ ಮೂವರಿಗೆ ಸುಮಾರು 7 ಲಕ್ಷ ರೂಪಾಯಿ ಬೇಕೆಂದು ಲೆಕ್ಕ ಹಾಕಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು "ಆಡುವುದು ಒಬ್ಬಳು, ಟಿಕೆಟ್ ಮೂರು ಯಾಕೆ?" ಎಂದು ಕೇಳುತ್ತಾರೆ. ನನ್ನ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡರೆ ಸಾಕೇ? ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗನೂ ಹಣ ಕಳಿಸುತ್ತೇನೆಂದಿದ್ದಾನೆ.

ಮಾಟುಂಗಾದ ಲೆಕ್ಕಪರಿಶೋಧಕ:

ದಯವಿಟ್ಟು ಸ್ವಂತ ಖಾತೆಗೆ ಹಣ ತರಿಸಿಕೊಳ್ಳಬೇಡಿ. ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಹಣ 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತವೇ ನಿಮ್ಮ ಆದಾಯವೆನಿಸುತ್ತದೆ. ನಮ್ಮ ಮನೆಗಳಲ್ಲಿ ಚಿಕ್ಕಪ್ಪನ ಮಗ ಒಡಹುಟ್ಟಿದವನಿಗೆ ಸಮ, ಆದರೆ ತೆರಿಗೆ ಕಾಯ್ದೆಯ ಬಂಧುಗಳ ಪಟ್ಟಿಯಲ್ಲಿ ಅವನಿಗೆ ಸ್ಥಾನವಿಲ್ಲ. ಅವನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ ಅದೇ ಹಣ ವಿದೇಶಿ ದೇಣಿಗೆಯಾಗಿ, ಅಂಥ ದೇಣಿಗೆಗಳನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಟ್ರಸ್ಟ್ ಅಲ್ಲದವರು ಸಾರ್ವಜನಿಕರಿಂದ ಧರ್ಮಾರ್ಥವಾಗಿ ಹಣ ಸಂಗ್ರಹಿಸುವುದಾದರೆ ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮನ್ನೂ ನೆನಪಿಡಬೇಕು. ಗಣೇಶೋತ್ಸವದ ಮಂಡಲಗಳು ಪ್ರತಿ ವರ್ಷ ಚಾರಿಟಿ ಕಮಿಷನರ್ ಕಚೇರಿಯಿಂದ ಅನುಮತಿ ಪಡೆಯುವುದು ಇದರ ಅಡಿಯಲ್ಲಿಯೇ. ಇಷ್ಟೆಲ್ಲ ತೊಡಕಿಗಿಂತ, ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ ಮಾನ್ಯತೆ (1961ರ ಕಾಯ್ದೆಯಲ್ಲಿ 80ಜಿ) ಇರುವ, ಅಂಗವಿಕಲರಿಗಾಗಿ ಅಥವಾ ಕ್ರೀಡೆಗಾಗಿ ದುಡಿಯುವ ಟ್ರಸ್ಟೊಂದರ ಖಾತೆಯ ಮೂಲಕ ಹಣ ಬರಲಿ, ಬಿಲ್ಲುಗಳನ್ನು ಅದೇ ಪಾವತಿಸಲಿ.

ಆ ಟ್ರಸ್ಟ್, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿಯನ್ನೂ ಹೊಂದಿದ್ದರೆ ಕಂಪನಿಗಳ ಬಾಗಿಲು ತಟ್ಟಬಹುದು. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ, ಅಂದರೆ ಆ ಹಣವನ್ನು ಬಳಸಬಹುದಾದ ಕೆಲಸಗಳ ಪಟ್ಟಿಯಲ್ಲಿ, ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯ ಉಲ್ಲೇಖವಿದೆ, ಬೋಚಿಯಾ 1984ರಿಂದ ಪ್ಯಾರಾಲಿಂಪಿಕ್ ಕ್ರೀಡೆಯಾಗಿದೆ. 2007ರಿಂದ ವಿಶ್ವಕಪ್ ನಡೆಯುತ್ತಿದ್ದರೂ ಪ್ಯಾರಾಲಿಂಪಿಕ್ಸ್ ಸೇರದ ಪವರ್‌ಚೇರ್ ಫುಟ್‌ಬಾಲ್‌ನವರಿಗೆ ಇಷ್ಟು ನೇರವಾದ ಆಧಾರವಿಲ್ಲ. ವಿದೇಶದಲ್ಲಿ ನಡೆಯುವ ಚಟುವಟಿಕೆಗೆ ಸಿಎಸ್‌ಆರ್ ಹಣ ಸಲ್ಲದಿದ್ದರೂ, ಭಾರತವನ್ನು ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ 2021ರ ತಿದ್ದುಪಡಿ ವಿನಾಯಿತಿ ನೀಡಿದೆ. ಆದ್ದರಿಂದ ಕಂಪನಿಗೆ ಬರೆಯುವ ಪತ್ರದಲ್ಲಿ ತರಬೇತಿ ಮತ್ತು ರ‍್ಯಾಂಪ್ ಮುಂದೆ ಬರಲಿ. ವಿಮಾನದ ಟಿಕೆಟ್ಟುಗಳನ್ನು ವ್ಯಕ್ತಿಗಳ ದೇಣಿಗೆಗೆ ಬಿಡಿ.

ಪುಣೆಯಿಂದ ಒಬ್ಬ ತಾಯಿ:

ನಿಮ್ಮ 7 ಲಕ್ಷದಲ್ಲಿ ವೀಲ್‌ಚೇರ್‌ನ ರಿಪೇರಿಗೆ ಹಣವಿಟ್ಟಿದ್ದೀರಾ? ಮಗನೊಂದಿಗೆ ಮಾಡಿದ ಪ್ರಯಾಣವೊಂದರಲ್ಲಿ ಅವನ ಕುರ್ಚಿ ಜಾಯ್‌ಸ್ಟಿಕ್ ಮುರಿದ ಸ್ಥಿತಿಯಲ್ಲಿ ವಿಮಾನ ನಿಲ್ದಾಣದ ಸಾಮಾನಿನ ಬೆಲ್ಟ್ ಮೇಲೆ ಬಂತು, ಮರುದಿನವೆಲ್ಲ ಅವನು ಹಾಸಿಗೆಯಲ್ಲೇ ಕಳೆದ. ಅಂದಿನಿಂದ ಜಾಯ್‌ಸ್ಟಿಕ್ ಮತ್ತು ದಿಂಬನ್ನು ಕಳಚಿ ಕೈಯಲ್ಲೇ ಒಯ್ಯುತ್ತೇನೆ, ಕುರ್ಚಿಯನ್ನು ಒಪ್ಪಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯುತ್ತೇನೆ. ಕುರ್ಚಿಯಿಂದ ಬಿಡಿಸಿ ಕ್ಯಾಬಿನ್‌ಗೆ ಒಯ್ಯುವ ಲಿಥಿಯಂ ಬ್ಯಾಟರಿ 300 ವ್ಯಾಟ್-ಅವರ್ ಮೀರುವಂತಿಲ್ಲ, ಎರಡಿದ್ದರೆ ತಲಾ 160. ಬ್ಯಾಟರಿಯ ವಿವರವನ್ನು ಟಿಕೆಟ್ ತೆಗೆಯುವಾಗಲೇ ವಿಮಾನ ಸಂಸ್ಥೆಗೆ ಬರೆದು ತಿಳಿಸಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಸಯಾನ್‌ನ ಹೋಟೆಲಿನವ:

ಮೂರು ಟಿಕೆಟ್ಟಿನ ಪ್ರಶ್ನೆಗೆ ಮಾತಿನಲ್ಲಿ ಉತ್ತರಿಸಿ ಪ್ರಯೋಜನವಿಲ್ಲ, ಆಡಿ ತೋರಿಸಬೇಕು. ಇಲ್ಲಿ ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಸಹಾಯಾರ್ಥವಾಗಿ ಯಕ್ಷಗಾನ, ನಾಟಕಗಳನ್ನು ಆಡಿಸುವ ರೂಢಿ ಹಳೆಯದು. ಅಂಥ ಒಂದು ಸಂಜೆ, ಪ್ರದರ್ಶನಕ್ಕೆ ಮುನ್ನ, ಸಭಾಂಗಣದಲ್ಲಿ ಬಿಳಿಯ ಗುರಿ ಚೆಂಡನ್ನಿಟ್ಟು ನಿಮ್ಮ ತಂಗಿ ಕೆಂಪು, ನೀಲಿ ಚೆಂಡುಗಳನ್ನು ಅದರ ಹತ್ತಿರ ಉರುಳಿಸಲಿ. ನೀವು ಬೆನ್ನು ತಿರುಗಿಸಿ ಕುಳಿತದ್ದನ್ನು ಕಂಡರೆ, ಎರಡನೆಯ ಟಿಕೆಟ್ ಯಾರಿಗೆಂದು ಮತ್ತೆ ಯಾರೂ ಕೇಳುವುದಿಲ್ಲ. ಆದರೆ ಗಣೇಶ ಚತುರ್ಥಿಯಿಂದ ನವರಾತ್ರಿಯ ತನಕ ಹೋಟೆಲಿನವರ ಗಲ್ಲಾಪೆಟ್ಟಿಗೆಯ ಮುಂದೆ ರಸೀದಿ ಪುಸ್ತಕ ಹಿಡಿದವರ ಸಾಲೇ ಇರುತ್ತದೆ; ದೀಪಾವಳಿ ಕಳೆದ ಮೇಲೆ ಬನ್ನಿ. ಎಲ್ಲಿ ಎಷ್ಟು ಖರ್ಚಾಯಿತೆಂಬ ಲೆಕ್ಕವನ್ನು ಹಿಂದಿರುಗಿದ ಬಳಿಕ ಕಳಿಸಿ. ಕೊಟ್ಟವರಲ್ಲಿ ಅನೇಕರಿಗೆ ಹಾಗೆ ಲೆಕ್ಕ ಬಂದದ್ದೇ ಇಲ್ಲ, ನನ್ನನ್ನೂ ಸೇರಿಸಿ.

ಡೊಂಬಿವಲಿಯ ಅಣ್ಣ:

ಎಲ್ಲರಿಗೂ ಕೃತಜ್ಞತೆಗಳು. ಚಿಕ್ಕಪ್ಪನ ಮಗ ಎರಡು ವರ್ಷದ ಹಿಂದೆಯೇ ಅಲ್ಲಿನ ಪೌರನಾಗಿದ್ದಾನೆಂದು ಈಗ ತಿಳಿಯಿತು, ಅವನ ಹಣವನ್ನು ಸದ್ಯಕ್ಕೆ ಬೇಡವೆಂದಿದ್ದೇನೆ. ರಿಪೇರಿಯ ಬಾಬ್ತು ಸೇರಿಸಿ ಅಂದಾಜುಪಟ್ಟಿಯನ್ನು ಮತ್ತೆ ಬರೆಯುತ್ತಿದ್ದೇನೆ. ಸಭಾಂಗಣದಲ್ಲಿ ಆಡಲು ತಂಗಿ ಒಪ್ಪಿದ್ದಾಳೆ, ಆದರೆ ಮಾತನ್ನೂ ತಾನೇ ಆಡುತ್ತಾಳಂತೆ. ನಾನು ಅಲ್ಲಿಯೂ ಬೆನ್ನು ತಿರುಗಿಸಿ ಸುಮ್ಮನೆ ಕುಳಿತಿರಬೇಕಂತೆ.